ಸಣ್ಣ ಕಾಲೇಜಿನ ಆಟ ಮತ್ತು ಅದರ ಲೆಕ್ಕ

(ತೋರಣಗಲ್ಲಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಟದಿಂದ ಆರೋಗ್ಯ ಬರುತ್ತದೆ, ಶಿಸ್ತು ಬರುತ್ತದೆ, ಒಗ್ಗಟ್ಟು ಬರುತ್ತದೆ ಎಂಬ ಮಾತುಗಳನ್ನು ಪ್ರತಿ ವರ್ಷದ ಕ್ರೀಡಾ ದಿನಾಚರಣೆಯಲ್ಲಿ ತಾವು ಕೇಳಿದ್ದೀರಿ. ಆ ಮಾತುಗಳೆಲ್ಲ ನಿಜ. ಆದರೆ ಇಂದು ನಾನು ಆಟದ ಹಿಂದಿರುವ ಹಣದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಒಂದು ಸಣ್ಣ ಕಾಲೇಜಿನಲ್ಲಿ ಕ್ರೀಡೆಗೆ ಹಣ ಎಲ್ಲಿಂದ ಬರುತ್ತದೆ, ಯಾರಿಗಾಗಿ ಖರ್ಚಾಗುತ್ತದೆ, ಯಾರಿಗೆ ತಲುಪದೇ ಉಳಿಯುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕದೆ ನಾವು ಎಷ್ಟು ಕಪ್ಪು ಗೆದ್ದರೂ ಅದು ಅರ್ಧ ಕೆಲಸವೇ.

ನಮ್ಮ ಸೀಮೆಗೆ ಆಟ ಹೊಸದಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲಿರುವ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಜಟ್ಟಿಗಳ ಕಾಳಗವನ್ನು ಕೆತ್ತಿದ್ದಾರೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗಾಗುವ ಮುಂಚೆ ಎದ್ದು ಎಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಸಿಕೊಂಡು, ಭಾರ ಎತ್ತಿ, ಜಟ್ಟಿಯೊಡನೆ ಕುಸ್ತಿ ಹಿಡಿದು, ಕುದುರೆ ಸವಾರಿ ಮಾಡುತ್ತಿದ್ದನೆಂದು ಬರೆದಿದ್ದಾನೆ. ಅಂದು ಜಟ್ಟಿಗಳನ್ನು ಸಾಕಿದ್ದು ಅರಮನೆ. ಖರ್ಚು ಬೊಕ್ಕಸದ್ದು.

ಇಂದು ಅದೇ ಸೀಮೆಯಲ್ಲಿ, ನಮ್ಮ ತೋರಣಗಲ್ಲಿನ ಪಕ್ಕದಲ್ಲೇ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜೆ.ಎಸ್.ಡಬ್ಲ್ಯೂ. ಸಮೂಹ 2018ರಲ್ಲಿ ಆರಂಭಿಸಿದ ಈ ಸಂಸ್ಥೆಯಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್‌ಗಳಲ್ಲಿ ಒಲಿಂಪಿಕ್ಸ್ ಮಟ್ಟದ ತರಬೇತಿ ನಡೆಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ಇಲ್ಲಿಯೇ ನಡೆಯಿತು. ಅಲ್ಲಿ ಆಯ್ಕೆಯಾದ ಮಕ್ಕಳಿಗೆ ವಸತಿ, ಊಟ, ತರಬೇತುದಾರರು, ವೈದ್ಯರು ಎಲ್ಲ ಒಂದೇ ಕಡೆ ಸಿಗುತ್ತಾರೆ. ಇದು ನಮಗೆ ಹೆಮ್ಮೆಯ ವಿಷಯ. ಆದರೆ ಅದು ಆರಿಸಿದ ಕೆಲವರಿಗಾಗಿ, ಪದಕದ ಗುರಿಯಿಟ್ಟು, ಉದ್ಯಮದ ಹಣದಿಂದ ನಡೆಯುವ ಸಂಸ್ಥೆ.

ತೋರಣಗಲ್ಲು, ಸಂಡೂರು, ಕಂಪ್ಲಿ, ಹೊಸಪೇಟೆ ಸುತ್ತಿನ ಸಣ್ಣ ಕಾಲೇಜು ಅರಮನೆಯೂ ಅಲ್ಲ, ಅಕಾಡೆಮಿಯೂ ಅಲ್ಲ. ಅದರ ಕ್ರೀಡೆಯ ಹಣ ಮುಖ್ಯವಾಗಿ ಬರುವುದು ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿ ಕಟ್ಟುವ ಕ್ರೀಡಾ ಶುಲ್ಕದಿಂದ. ಗಣಿಯಲ್ಲಿ, ಕಾರ್ಖಾನೆಯಲ್ಲಿ, ಗ್ಯಾರೇಜಿನಲ್ಲಿ, ಹೊಲದಲ್ಲಿ ದುಡಿಯುವ ತಂದೆ ತಾಯಿ ಕೊಟ್ಟ ಹಣ ಅದು. ಇದನ್ನು ನಾವು ಮರೆಯಬಾರದು.

ಈಗ ಒಂದು ಅಂದಾಜು ಲೆಕ್ಕ ಹಾಕೋಣ. ಇದು ಯಾವುದೇ ಒಂದು ಕಾಲೇಜಿನ ಲೆಕ್ಕವಲ್ಲ. ತಾವು ತಮ್ಮ ಕಾಲೇಜಿನ ಅಂಕಿಗಳನ್ನು ಹಾಕಿ ನೋಡಿಕೊಳ್ಳಬಹುದು. 400 ವಿದ್ಯಾರ್ಥಿಗಳಿರುವ ಕಾಲೇಜು, ತಲಾ 150 ರೂಪಾಯಿ ಕ್ರೀಡಾ ಶುಲ್ಕ. ಒಟ್ಟು 60,000 ರೂಪಾಯಿ. ಅಂತರ ಕಾಲೇಜು ಪಂದ್ಯಗಳಿಗೆ 4 ತಂಡ ಕಳಿಸಬೇಕು. ಒಂದು ತಂಡಕ್ಕೆ 12 ಆಟಗಾರರು, ಜೊತೆಗೆ ಇಬ್ಬರು, ಒಟ್ಟು 14 ಜನ. ಹೋಗಿ ಬರುವ ಬಸ್ ಚಾರ್ಜು ತಲಾ 200, ಎರಡು ದಿನದ ಊಟ ತಿಂಡಿಗೆ ತಲಾ 500. ಅಲ್ಲಿಗೆ 9,800 ಆಯಿತು. ಪ್ರವೇಶ ಶುಲ್ಕ 200 ಸೇರಿಸಿದರೆ 10,000. ನಾಲ್ಕು ತಂಡಕ್ಕೆ 40,000 ರೂಪಾಯಿ. ಉಳಿದದ್ದು 20,000. ಅದರಲ್ಲೇ ಚೆಂಡು, ಬಲೆ, ಸುಣ್ಣದ ಪುಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಾರ್ಷಿಕ ಕ್ರೀಡಾಕೂಟದ ಬಹುಮಾನ ಎಲ್ಲ ಆಗಬೇಕು.

ಈ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಓದಿ. 400 ಜನ ಕಟ್ಟಿದ ಹಣದ ಮೂರರಲ್ಲಿ ಎರಡು ಪಾಲು 48 ಜನರಿಗೆ ಹೋಯಿತು. ಉಳಿದ 352 ಜನ 150 ರೂಪಾಯಿ ಕಟ್ಟಿ, ವರ್ಷಕ್ಕೊಮ್ಮೆ ನೂರು ಮೀಟರ್ ಓಟ ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋದರು. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿರುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಮಸ್ಯೆ ನಮ್ಮದಷ್ಟೇ ಅಲ್ಲ. ಕಾಲೇಜು ಕ್ರೀಡೆ ಎಂದರೆ ಅಮೆರಿಕವನ್ನು ನೋಡಿ ಎನ್ನುತ್ತಾರೆ. ಅಲ್ಲಿ 2025ರ ಜುಲೈ 1ರಿಂದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಗಿದೆ; ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಆದರೆ ಅಲ್ಲಿಯೂ ಕ್ರೀಡೆಯಿಂದ ಖರ್ಚು ಕಳೆದು ಹಣ ಉಳಿಸುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ಮಿಕ್ಕವು ವಿದ್ಯಾರ್ಥಿಗಳ ಶುಲ್ಕದಿಂದ, ಸಂಸ್ಥೆಯ ಸಾಮಾನ್ಯ ನಿಧಿಯಿಂದ ಕೊರತೆ ತುಂಬಿಸುತ್ತವೆ. ಸಣ್ಣ ಕಾಲೇಜುಗಳದ್ದು ಬೇರೆಯೇ ವಿಭಾಗ. ನಾನ್ನೂರಕ್ಕೂ ಹೆಚ್ಚು ಕಾಲೇಜುಗಳಿರುವ ಆ ಮೂರನೇ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ.

ಅಟ್ಲಾಂಟಾ ನಗರದಲ್ಲಿ ಸ್ಪೆಲ್ಮನ್ ಎಂಬ ಕಾಲೇಜಿದೆ. ಕಪ್ಪು ಜನಾಂಗದ ಹೆಣ್ಣುಮಕ್ಕಳಿಗಾಗಿ 1881ರಲ್ಲಿ ಆರಂಭವಾದ ಹೆಸರಾಂತ ಸಂಸ್ಥೆ. 2012ರಲ್ಲಿ ಅದರ ಅಧ್ಯಕ್ಷೆ ಬೆವರ್ಲಿ ಡೇನಿಯಲ್ ಟಾಟಮ್ ಲೆಕ್ಕದ ಪುಸ್ತಕ ನೋಡಿದರು. ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಡಾಲರ್ ಖರ್ಚು. ತಂಡಗಳಲ್ಲಿ ಆಡುವವರು ಸುಮಾರು 80 ಜನ. ಕಾಲೇಜಿನಲ್ಲಿರುವವರು ಸುಮಾರು 2,100. ಆ ಸಮುದಾಯದ ಹೆಣ್ಣುಮಕ್ಕಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚುತ್ತಿದ್ದ ಕಾಲ. ಅವರು ಅಂತರ ಕಾಲೇಜು ಸ್ಪರ್ಧೆಗಳನ್ನೇ ಬಿಟ್ಟು, ಆ ಹಣವನ್ನು ಎಲ್ಲ ವಿದ್ಯಾರ್ಥಿನಿಯರ ವ್ಯಾಯಾಮ, ನಡಿಗೆ, ಈಜು, ಆಹಾರದ ಅರಿವಿಗೆ ತಿರುಗಿಸಿದರು.

ನಾವೂ ತಂಡಗಳನ್ನು ಮುಚ್ಚಬೇಕೇ? ಬೇಡ. ಸ್ಪೆಲ್ಮನ್‌ನಲ್ಲಿ ಒಬ್ಬ ಆಟಗಾರ್ತಿಗೆ 12,000 ಡಾಲರಿಗೂ ಹೆಚ್ಚು ಖರ್ಚಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಒಬ್ಬ ಆಟಗಾರನಿಗೆ ವರ್ಷಕ್ಕೆ ಸುಮಾರು 830 ರೂಪಾಯಿ. ಇದರಲ್ಲಿ ಕಡಿತ ಮಾಡಿ ಉಳಿಸುವುದು ಏನೂ ಇಲ್ಲ. ಅಂತರ ಕಾಲೇಜು ಕ್ರೀಡಾಕೂಟಕ್ಕೆ ಹೋಗುವ ಹುಡುಗನ ಹೊಟ್ಟೆಗೆ ಸರಿಯಾಗಿ ಊಟ ಸಿಗುವುದೇ ಕಷ್ಟ. ಎಷ್ಟೋ ಮನೆಗಳಲ್ಲಿ ಎರಡು ದಿನ ಪಂದ್ಯಕ್ಕೆ ಹೋದರೆ ಎರಡು ದಿನದ ಕೂಲಿ ಹೋಗುತ್ತದೆ. ಅಂಥ ಮಗುವಿಗೆ ತಂಡವೇ ಮುಂದಿನ ದಾರಿ. ಕಾಲೇಜು ತಂಡದಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯ, ಮುಂದೆ ರೈಲ್ವೆ, ಪೊಲೀಸ್ ಮೊದಲಾದ ಇಲಾಖೆಗಳ ಕ್ರೀಡಾ ಕೋಟಾ. ಮೊದಲ ಮೆಟ್ಟಿಲು ಕಾಲೇಜೇ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾಗುವ ಮೊದಲು ನಮ್ಮ ಕಾಲೇಜುಗಳೆಲ್ಲ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಯ್ಕೆಗೆ ಅಷ್ಟು ದೂರ ಹೋಗಬೇಕಿತ್ತು. ಈಗ ದಾರಿ ಹತ್ತಿರವಾಗಿದೆ. ಇದನ್ನು ಬಳಸಿಕೊಳ್ಳಬೇಕು.

ದೇಶದ ವಿಶ್ವವಿದ್ಯಾಲಯಗಳ ಕ್ರೀಡೆಯಲ್ಲಿ ಅತಿ ದೊಡ್ಡ ಗೌರವವೆಂದರೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರ ಹೆಸರಿನಲ್ಲಿ 1956-57ರಿಂದ ಕೊಡುತ್ತಿದ್ದಾರೆ. ಅದನ್ನು ಮತ್ತೆ ಮತ್ತೆ ಗೆದ್ದವರಲ್ಲಿ ಅಮೃತಸರ, ಪಟಿಯಾಲ, ಚಂಡೀಗಢದ ವಿಶ್ವವಿದ್ಯಾಲಯಗಳಿವೆ. ಆ ವಿಶ್ವವಿದ್ಯಾಲಯಗಳಿಗೆ ಆಟಗಾರರನ್ನು ಕೊಟ್ಟದ್ದು ಅವುಗಳಿಗೆ ಸೇರಿದ ಕಾಲೇಜುಗಳು. ಕಾಲೇಜಿನ ಮೈದಾನ ಬತ್ತಿದರೆ ವಿಶ್ವವಿದ್ಯಾಲಯದ ಕಪಾಟೂ ಖಾಲಿ.

ಆದ್ದರಿಂದ ನಾನು ಹೇಳುವುದು ಇಷ್ಟೇ. ತಂಡವೂ ಬೇಕು, ಎಲ್ಲರ ಆಟವೂ ಬೇಕು. ತಂಡಕ್ಕೆ ಬೇಕಾದದ್ದು ಹಣ. ಎಲ್ಲರ ಆಟಕ್ಕೆ ಬೇಕಾದದ್ದು ಹೆಚ್ಚಾಗಿ ಸಮಯ ಮತ್ತು ಜಾಗ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮತ್ತು 8. ವಾಲಿಬಾಲ್ 18 ಮತ್ತು 9. ಖೋ-ಖೋ 27 ಮತ್ತು 16. ಸುತ್ತಲಿನ ಜಾಗ ಸೇರಿಸಿದರೂ ಇವಕ್ಕೆಲ್ಲ ಅರ್ಧ ಎಕರೆ ಸಾಕು. 400 ಮೀಟರಿನ ಸಿಂಥೆಟಿಕ್ ಟ್ರ್ಯಾಕಿಗೆ ಸುಮಾರು 4 ಎಕರೆ ಮತ್ತು ಕೋಟಿಗಟ್ಟಲೆ ಹಣ ಬೇಕು. ಮೊದಲು ಅರ್ಧ ಎಕರೆಯನ್ನು ಕಲ್ಲು ಮುಳ್ಳು ತೆಗೆದು ಸಮ ಮಾಡೋಣ, ನೀರು ಚಿಮುಕಿಸಿ ಧೂಳು ಕೂರಿಸೋಣ. ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೂ ವಾರಕ್ಕೆ ಎರಡು ಆಟದ ಅವಧಿ ಇರಲಿ. ನಮ್ಮ ಬಿಸಿಲು ಎಂಥದೆಂದು ಎಲ್ಲರಿಗೂ ಗೊತ್ತು. ಆ ಅವಧಿ ಬೆಳಗಿನದಾಗಿರಲಿ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಹಗುರ ವ್ಯಾಯಾಮ ಸಾಕು.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರಿಗೆ ಎರಡು ಮಾತು ಹೇಳಬೇಕು. ಮೊದಲನೆಯದು ಉಡುಪಿನ ಪ್ರಶ್ನೆ. ತಲೆವಸ್ತ್ರ ಧರಿಸಿ ಆಡಲು ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ 2014ರಿಂದ, ಬಾಸ್ಕೆಟ್‌ಬಾಲ್‌ನಲ್ಲಿ 2017ರಿಂದ ಅವಕಾಶವಿದೆ. ಪೂರ್ಣ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್ ತೊಟ್ಟು ನಮ್ಮ ಮೈದಾನದಲ್ಲಿ ಆಡಲು ಯಾವ ಅಡ್ಡಿಯೂ ಇರಬಾರದು. ಎರಡನೆಯದು ಖರ್ಚಿನ ಪ್ರಶ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಲೆಕ್ಕದಂತೆ 12 ಹುಡುಗಿಯರ ತಂಡಕ್ಕೆ 2,400 ರೂಪಾಯಿ ಉಳಿಯಿತು. ಹುಡುಗಿಯರ ತಂಡ ಕಳಿಸಲು ಹಣವಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವಂತಿಲ್ಲ. ಜೊತೆಗೆ ಒಬ್ಬ ಉಪನ್ಯಾಸಕಿ ಹೋಗುವ ಏರ್ಪಾಡು ಮಾಡಿದರೆ ತಾಯಂದಿರ ಮನಸ್ಸೂ ನಿರಾಳ. ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಆಕೆಯನ್ನು ಮೊದಲು ಮೈದಾನಕ್ಕೆ ಕರೆದೊಯ್ದದ್ದು ಆಕೆಯ ತಂದೆ. ನಮ್ಮ ಮಕ್ಕಳೆಲ್ಲ ವಿಶ್ವ ಚಾಂಪಿಯನ್ ಆಗಬೇಕಿಲ್ಲ; ಮೈದಾನಕ್ಕೆ ಬಂದರೆ ಸಾಕು.

ಇನ್ನು ಹೊರಗಿನ ಹಣ. ಇಲ್ಲಿ ಸಂಘದ ಹಿರಿಯರು ಗಮನ ಕೊಡಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಆದರೆ ಕೈಮುಗಿದು ಅರ್ಜಿ ಕೊಟ್ಟರೆ ಸಾಲದು. ಕಂಪನಿಯ ಪರವಾಗಿ ಕೆಲಸ ನಿರ್ವಹಿಸುವ ಸಂಸ್ಥೆಗೆ ಸಾಮಾನ್ಯವಾಗಿ ಆದಾಯ ತೆರಿಗೆ ಕಾನೂನಿನಡಿ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ಎಂಬ ನಮೂನೆಯಲ್ಲೂ ನೋಂದಾಯಿಸಿರಬೇಕು. ಕಾಗದಪತ್ರ ಸರಿ ಇಲ್ಲದ ಸಂಸ್ಥೆಗೆ ಕಾರ್ಖಾನೆ ಪಕ್ಕದಲ್ಲಿದ್ದರೂ ಪ್ರಯೋಜನವಿಲ್ಲ.

ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಗಣಿ ಬಾಧಿತ ಪ್ರದೇಶಗಳಿಗಾಗಿಯೇ ಇರುವ ಈ ನಿಧಿಯಲ್ಲಿ ಶಿಕ್ಷಣವೂ ಒಂದು ಆದ್ಯತೆ. ಸಂಡೂರು ತಾಲೂಕಿಗಿಂತ ಗಣಿ ಬಾಧಿತ ಪ್ರದೇಶ ಬೇರೆ ಯಾವುದಿದೆ? ಯಾವ ಕೆಲಸಕ್ಕೆ, ಯಾವ ಬಗೆಯ ಸಂಸ್ಥೆಗೆ ಸಿಗುತ್ತದೆ ಎಂಬುದನ್ನು ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೂರನೆಯದು ಪ್ರತಿಭಾವಂತ ವಿದ್ಯಾರ್ಥಿಗೆ ಸಂಬಂಧಿಸಿದ್ದು. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದ ಆಟಗಾರರಿಗೆ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿ ಮೌಲ್ಯದ ನೆರವಿದೆ. ಅದರಲ್ಲಿ ಕೈಖರ್ಚಿಗೆಂದೇ 1 ಲಕ್ಷ 20 ಸಾವಿರ. ದಸರಾ ಕ್ರೀಡಾಕೂಟ ತಾಲೂಕು ಮಟ್ಟದಿಂದಲೇ ಶುರುವಾಗುತ್ತದೆ. ಅಲ್ಲಿಗೆ ನಮ್ಮ ಮಕ್ಕಳನ್ನು ಕಳಿಸಿದರೆ ತಾನೇ ಅವರು ಯಾರ ಕಣ್ಣಿಗಾದರೂ ಬೀಳುವುದು!

ಒಂದು ಎಚ್ಚರಿಕೆಯ ಮಾತು. ದಾನದ ಹಣ ಕಟ್ಟಡ ಕಟ್ಟುತ್ತದೆ, ಜಿಮ್ ತರುತ್ತದೆ, ಹೆಸರಿನ ಫಲಕ ಹಾಕಿಸುತ್ತದೆ. ಮರುವರ್ಷದ ಎಣ್ಣೆ, ರಿಪೇರಿ, ಕರೆಂಟ್ ಬಿಲ್ಲು, ತರಬೇತುದಾರರ ಗೌರವಧನ ಯಾರು ಕೊಡುತ್ತಾರೆ? ನ್ಯಾಕ್ ಸಮಿತಿ ಬರುವ ವಾರ ತೆರೆದು, ಅವರು ಹೋದ ಮೇಲೆ ಬೀಗ ಹಾಕಿದ ಕೋಣೆಗಳು ಎಷ್ಟೋ ಕಾಲೇಜುಗಳಲ್ಲಿವೆ. ಆದ್ದರಿಂದ ದಾನಿಗಳನ್ನು ಕೇಳುವಾಗ ಐದು ವರ್ಷದ ನಿರ್ವಹಣೆಯ ಖರ್ಚನ್ನೂ ಸೇರಿಸಿ ಕೇಳಿ. ಕೊಡದಿದ್ದರೆ ಸಣ್ಣದನ್ನೇ ಸ್ವೀಕರಿಸಿ. ದಿನವೂ ಬಳಸುವ ಹತ್ತು ಚೆಂಡು, ಬೀಗ ಹಾಕಿದ ಜಿಮ್ಮಿಗಿಂತ ಮೇಲು.

ಕೊನೆಯದಾಗಿ ಲೆಕ್ಕ. ಕ್ರೀಡಾ ನಿಧಿಗೆ ಪ್ರತ್ಯೇಕ ಕ್ಯಾಷ್ ಬುಕ್ ಇರಲಿ. ಕ್ರೀಡಾ ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿನಿ ಇರಲಿ; ಅವರಲ್ಲಿ ಒಬ್ಬರು ತಂಡದಲ್ಲಿ ಇಲ್ಲದವರಾಗಿರಲಿ. ಆರು ತಿಂಗಳಿಗೊಮ್ಮೆ ಜಮಾ ಖರ್ಚನ್ನು ನೋಟಿಸ್ ಬೋರ್ಡಿಗೆ ಹಾಕಿ. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಿರಿ: ಈ ಅವಧಿಯಲ್ಲಿ ಮೈದಾನಕ್ಕೆ ಬಂದವರು ಎಷ್ಟು ಜನ, ಅವರಲ್ಲಿ ಹೆಣ್ಣುಮಕ್ಕಳು ಎಷ್ಟು. ಗೆದ್ದ ಕಪ್ಪುಗಳ ಸಂಖ್ಯೆಯ ಪಕ್ಕದಲ್ಲಿ ಈ ಸಂಖ್ಯೆಯೂ ವಾರ್ಷಿಕ ವರದಿಯಲ್ಲಿ ಬರಲಿ. ಪಾಲಕರ ಹಣ ಅಮಾನತ್ತು. ಅಮಾನತ್ತಿಗೆ ಲೆಕ್ಕ ಒಪ್ಪಿಸುವುದು ನಮ್ಮೆಲ್ಲರ ಕರ್ತವ್ಯ.

ವಿದ್ಯಾರ್ಥಿ ಮಿತ್ರರೇ, ನೀವು ಕಟ್ಟಿದ ಶುಲ್ಕದ ರಸೀದಿಯಲ್ಲಿ ಕ್ರೀಡೆ ಎಂಬ ಒಂದು ಸಾಲಿದೆ. ಅದನ್ನು ಒಮ್ಮೆ ಓದಿ. ಆ ಸಾಲು ನಿಮ್ಮ ಹಕ್ಕು. ತಂಡದಲ್ಲಿ ಸ್ಥಾನ ಸಿಗದಿದ್ದರೂ ಚೆಂಡು ಕೇಳಿ, ಅಂಕಣ ಕೇಳಿ, ಸಮಯ ಕೇಳಿ. ವಿನಯದಿಂದ ಕೇಳಿ, ಆದರೆ ಬಿಡದೆ ಕೇಳಿ. ಕೊಟ್ಟ ಮೇಲೆ ಬೆಳಿಗ್ಗೆ ಬೇಗ ಎದ್ದು ಬನ್ನಿ.