ಊಟದ ಪಂಕ್ತಿಯೇ ಪಾಠಶಾಲೆ

(ವಾಡಿಯಲ್ಲಿ ಶಿಕ್ಷಕರೆದುರು ಮಾಡಿದ ಭಾಷಣ)



ಮಕ್ಕಳಿಗೆ ಆರೋಗ್ಯದ ಪಾಠವನ್ನು ಹೇಗೆ ಕಲಿಸಬೇಕೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ವಿಷಯವು ಸಣ್ಣದೆಂದು ತೋರಬಹುದು, ಆದರೆ ಹಾಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳು ರಕ್ತಹೀನತೆಯಿಂದ ಬಳಲುತ್ತಿರುವರೆಂದು ಕಂಡುಬಂದಿತು. ಆ ವಯಸ್ಸಿನ ಮಕ್ಕಳೇ ಈಗ ನಮ್ಮ ಶಾಲೆಗಳಿಗೆ ಬಂದು ಕುಳಿತಿರುವರು. ಪಾಠದ ನಡುವೆ ತೂಕಡಿಸುವ ಹುಡುಗನನ್ನು ಸೋಮಾರಿಯೆಂದು ಗದರಿಸುವ ಮೊದಲು, ಅವನ ಹೊಟ್ಟೆಯ ಸ್ಥಿತಿಯನ್ನು ತಿಳಿದುಕೊಳ್ಳುವದು ಗುರುಗಳಾದ ನಮ್ಮ ಧರ್ಮವಲ್ಲವೇ?

ಉಣಿಸುವ ಕಾರ್ಯವು ನಡೆದೇ ಇದೆ. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಮೊದಲು ಆರಂಭವಾದದ್ದು ಕಲಬುರಗಿಯನ್ನೊಳಗೊಂಡ ಈ ಭಾಗದ ಜಿಲ್ಲೆಗಳಲ್ಲಿಯೇ. 2013ರಲ್ಲಿ ಅದಕ್ಕೆ ಹಾಲು ಸೇರಿತು. 2021ರ ಡಿಸೆಂಬರದಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ತತ್ತಿ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಸೇರಿದವು. ಆದರೆ ಉಣಿಸುವದು ಬೇರೆ, ಉಣ್ಣುವ ವಿವೇಕವನ್ನು ಕಲಿಸುವದು ಬೇರೆ. ಎರಡನೆಯದು ಶಿಕ್ಷಕರ ಪಾಲಿನ ಕೆಲಸ.

ಅದನ್ನು ನಾವು ಹೇಗೆ ಮಾಡುತ್ತಿರುವೆವು? ಗೋಡೆಗೆ ಸೇಬು ದ್ರಾಕ್ಷಿಗಳ ಚಿತ್ರಪಟವನ್ನು ತೂಗುಹಾಕಿ, ಇವುಗಳನ್ನು ತಿಂದರೆ ಬಲವು ಬರುವದೆಂದು ಬಾಯಿಪಾಠ ಮಾಡಿಸುವೆವು. ಶಹಾಬಾದದ ಕಲ್ಲುಗಣಿಯಲ್ಲಿ ದುಡಿಯುವವನ ಮಗಳು ಅದನ್ನು ನೋಡಿ, ಆರೋಗ್ಯವು ಉಳ್ಳವರ ಸೊತ್ತೆಂದೂ ತನ್ನ ತಾಯಿ ಬಡಿದ ರೊಟ್ಟಿಯು ಕೀಳೆಂದೂ ಬಗೆದರೆ, ಆ ಪಾಠದಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ನಿಜವೇನು? ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಪೋಷಕಾಂಶವು ತೊಗರಿಬೇಳೆಯಲ್ಲಿ ಹೇರಳವಾಗಿದೆ. ಬೇಳೆಯ ಕೊರತೆಯನ್ನು ಜೋಳವು ತುಂಬುವದು. ಶಾಸ್ತ್ರಜ್ಞರು ಇದನ್ನು ಹೇಳುವದಕ್ಕೆ ಬಹು ಮೊದಲೇ ನಮ್ಮ ಅಜ್ಜಿಯರು ಇವೆರಡನ್ನೂ ಒಂದೇ ತಾಟಿನಲ್ಲಿ ಕೂಡಿಸಿದ್ದರು. ಆ ತೊಗರಿಬೇಳೆಯು ಕಲಬುರಗಿಯ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದಿದೆ. ತಪ್ಪಲುಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿಯ ಕಬ್ಬಿಣದಂಶವು ಶರೀರಕ್ಕೆ ಹೆಚ್ಚು ದಕ್ಕುವದು. ಉಂಡೊಡನೆ ಚಹ ಕುಡಿದರೆ ಕಡಿಮೆ ದಕ್ಕುವದು. ಈ ಪಾಠಕ್ಕೆ ಚಿತ್ರಪಟವೇಕೆ? ತಾಟೇ ಸಾಕು.

ಇನ್ನು ಅಂಗಡಿಯ ಪೊಟ್ಟಣಗಳ ವಿಚಾರ. ವಾಡಿಯು ಹಲವು ದಿಕ್ಕಿನ ರೈಲುಗಳು ಕೂಡುವ ಸ್ಥಳ. ಇಲ್ಲಿ ಎಲ್ಲ ಸರಕೂ ಸುಲಭವಾಗಿ ಬಂದಿಳಿಯುವದು. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಮಾರಕೂಡದೆಂದು 2020ರ ಕೇಂದ್ರ ನಿಯಮವು ವಿಧಿಸಿದೆ. ಆದರೆ ನಿಷೇಧವೊಂದರಿಂದಲೇ ನಾಲಗೆಯ ಚಪಲವು ಹೋಗದು. ಪೊಟ್ಟಣದ ಬೆನ್ನಿಗೆ ಅಚ್ಚಾಗಿರುವ ಸಕ್ಕರೆಯ ಗ್ರಾಮುಗಳನ್ನು ಮಕ್ಕಳಿಂದಲೇ ಓದಿಸಿರಿ, 4ರಿಂದ ಭಾಗಿಸಿರಿ. ಅಷ್ಟು ಚಮಚ ಸಕ್ಕರೆಯನ್ನು ಒಂದು ಲೋಟದಲ್ಲಿ ಸುರಿದು ತೋರಿಸಿರಿ. ಗಣಿತವೂ ಆಯಿತು, ಆರೋಗ್ಯವೂ ಆಯಿತು. ತೀರ್ಮಾನವನ್ನು ಮಕ್ಕಳೇ ಮಾಡುವರು.

ಐದರಿಂದ ಹದಿನೇಳು ವರುಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು. ಖೋಖೋ, ಕಬಡ್ಡಿ, ಲಗೋರಿಗಳಿಗೆ ಹಣವೇನೂ ಬೇಡ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಆಡಿಸಿರಿ. ಆದರೆ ಪರೀಕ್ಷೆಯ ನೆವದಿಂದ ಆಟದ ತಾಸನ್ನು ಕಸಿದುಕೊಳ್ಳಬೇಡಿರಿ.

ಕೊನೆಗೆ ಒಂದು ಎಚ್ಚರಿಕೆ. ಮುಂಜಾನೆ ಏನುಂಡು ಬಂದೆಯೆಂದು ಯಾವ ಮಗುವನ್ನೂ ತರಗತಿಯೆದುರು ಕೇಳಬಾರದು. ಏನೂ ಉಣ್ಣದ ಮಗುವು ಸುಳ್ಳು ಹೇಳಬೇಕಾಗುವದು, ಇಲ್ಲವೆ ತಲೆ ತಗ್ಗಿಸಬೇಕಾಗುವದು. ಕೇಳುವದಾದರೆ ಏಕಾಂತದಲ್ಲಿ, ತಾಯಿಯಂತೆ ಕೇಳಿರಿ. ತತ್ತಿ ತಿನ್ನುವವನನ್ನಾಗಲಿ ಬಾಳೆಹಣ್ಣು ಬೇಡುವವನನ್ನಾಗಲಿ ಹಂಗಿಸಲು ಆಸ್ಪದ ಕೊಡಬೇಡಿರಿ. ದಾಸೋಹವೆಂಬ ಹೆಸರಿಟ್ಟ ಮೇಲೆ ಪಂಕ್ತಿಭೇದವು ಸಲ್ಲದು.

ಬಂಧುಗಳೇ, ನಾಳೆ ಊಟದ ಗಂಟೆಯಾದಾಗ ಶಿಕ್ಷಕರ ಕೋಣೆಗೆ ಹೋಗದೆ ಮಕ್ಕಳ ಸಾಲಿನಲ್ಲಿಯೇ ಕುಳಿತು ಉಣ್ಣಿರಿ. ಗುರುವು ಪ್ರೀತಿಯಿಂದ ಉಂಡದ್ದನ್ನು ಶಿಷ್ಯನು ಕೀಳೆಂದು ಬಗೆಯಲಾರನು.