ನೀರಿಗೆ ಅಂಜದ ಕ್ರಿಯಾವರ್ಧಕಗಳು

ಇಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸಿ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಲೋಹ ಲವಣಗಳು ಲೂಯಿಸ್ ಆಮ್ಲಗಳ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಅಲ್ಯೂಮಿನಿಯಂ ಕ್ಲೋರೈಡನ್ನು 1877ರಲ್ಲಿ ಫ್ರೀಡೆಲ್ ಮತ್ತು ಕ್ರಾಫ್ಟ್ಸ್ ಬಳಕೆಗೆ ತಂದರು. ಅದು ಅಗ್ಗ, ಪ್ರಬಲ. ಆದರೆ ನೀರು ತಗುಲಿದೊಡನೆ ಕೆಡುತ್ತದೆ. ಕೀಟೋನ್ ತಯಾರಿಕೆಯಲ್ಲಂತೂ ಉತ್ಪನ್ನವೇ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಂದು ಅಣುವಿಗೆ ಒಂದಕ್ಕಿಂತ ಹೆಚ್ಚು ಬೇಕಾಗುತ್ತದೆ. ಹೆಸರಿಗಷ್ಟೇ ಕ್ರಿಯಾವರ್ಧಕ! ಕಡೆಗೆ ಉಳಿಯುವುದು ಆಮ್ಲಯುಕ್ತ ತ್ಯಾಜ್ಯ.

ಕಾರ್ಖಾನೆಗಳ ತ್ಯಾಜ್ಯದಿಂದ ಪಟಾನ್‌ಚೆರುವಿನ ಕೆರೆಗಳು ಕಲುಷಿತವಾದುದನ್ನು ಕಂಡ ಹೈದರಾಬಾದಿಗೆ ಇದು ಅಲ್ಪ ವಿಷಯವಲ್ಲ. ಅಲ್ಲಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾ. ಜೆ. ಎಸ್. ಯಾದವ್ ಮತ್ತು ಸಹೋದ್ಯೋಗಿಗಳು ಇಂಡಿಯಂ, ಸ್ಕ್ಯಾಂಡಿಯಂ, ಬಿಸ್ಮತ್ ಲವಣಗಳನ್ನು ಹಲವು ಕ್ರಿಯೆಗಳಲ್ಲಿ ಪ್ರಯೋಗಿಸಿದರು. ಇಂಡಿಯಂ ಕ್ಲೋರೈಡ್ ನೀರನ್ನು ಸಹಿಸುತ್ತದೆ. ನೂರು ಅಣುಗಳಿಗೆ ಹತ್ತು ಸಾಲುವುದುಂಟು. ಸ್ಕ್ಯಾಂಡಿಯಂ ಟ್ರೈಫ್ಲೇಟನ್ನು ಮರಳಿ ಪಡೆದು ಬಳಸಬಹುದಾದರೂ ಅದು ದುಬಾರಿ. ಬೆಲೆಯೊಡನೆ ವಿಷಗುಣವನ್ನೂ ತೂಗುವುದಾದರೆ ಬಿಸ್ಮತ್ತೇ ಮೇಲು. ಅದರ ಕೆಲವು ಸಂಯುಕ್ತಗಳನ್ನು ಜಠರದ ಔಷಧಿಯಾಗಿಯೂ ಸೇವಿಸುತ್ತಾರೆ.