ಮತಕ್ಕಿಂತ ಮೊದಲು ಓದು
(ಬಂಗಾರಪೇಟೆಯಲ್ಲಿ ಮಾಡಿದ ಭಾಷಣದ ಸಾರ)



ರಾಜಕೀಯ ಪ್ರಜ್ಞೆ ಮತಗಟ್ಟೆಯಲ್ಲಿ ಹುಟ್ಟುವುದಿಲ್ಲ, ಓದಿನಲ್ಲಿ ಹುಟ್ಟುತ್ತದೆ. ಇದಕ್ಕೆ ನೆರೆಯ ಕೆ.ಜಿ.ಎಫ್. ಸಾಕ್ಷಿ. ಪಂಡಿತ ಅಯೋತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವಾರಪತ್ರಿಕೆ ‘ತಮಿಳನ್’ ಅವರ ನಿಧನಾನಂತರ ನಿಂತುಹೋಗಿತ್ತು. 1926ರಲ್ಲಿ ಅದಕ್ಕೆ ಮರುಜೀವ ನೀಡಿದ್ದು ಈ ಗಣಿನಗರ. ಅಸ್ಪೃಶ್ಯರೆನಿಸಿಕೊಂಡಿದ್ದ ಕಾರ್ಮಿಕರಿಗೆ ಅದು ಜಾತಿವ್ಯವಸ್ಥೆಯನ್ನು ಪ್ರಶ್ನಿಸುವ ಧೈರ್ಯವಿತ್ತಿತು. ಇದೇ ನಗರ 1957ರಲ್ಲಿ ಕಮ್ಯುನಿಸ್ಟ್ ಎಂ.ಸಿ. ನರಸಿಂಹನ್‌ರನ್ನೂ, ಗಣಿ ಮುಚ್ಚಿದ 2001ರ ಬಳಿಕವೂ, 2004ರಲ್ಲಿ, ಅಂಬೇಡ್ಕರ್ ಚಿಂತನೆಯ ರಿಪಬ್ಲಿಕನ್ ಪಕ್ಷವನ್ನೂ ಗೆಲ್ಲಿಸಿತು.

ಪ್ರಥಮ ದಿವ್ಯವಾಣಿಯಲ್ಲೇ ಓದುವ ಆದೇಶ ಪಡೆದ ಸಮುದಾಯ ನಮ್ಮದು. ಆದರೆ ಮತ ಕೇಳಲು ಬಂದವರ ಮುಂದೆ ನಾವಿಡುವುದು ಖಬರಸ್ತಾನದ ಗೋಡೆಯ ಬೇಡಿಕೆಯನ್ನು ಮಾತ್ರ. ಶಾಲೆ, ಉದ್ಯೋಗ, ನ್ಯಾಯದ ಕುರಿತು ಅವರ ನಿಲುವೇನೆಂದು ಕೇಳುವುದಿಲ್ಲ. ಪ್ರತಿ ಮೊಹಲ್ಲಾದಲ್ಲೂ ಸ್ತ್ರೀಪುರುಷರಿಬ್ಬರಿಗೂ ತೆರೆದ ಒಂದು ವಾಚನಾಲಯವಿರಲಿ. ಅಲ್ಲಾಹನು ನಮಗೆ ವಿವೇಕವನ್ನು ದಯಪಾಲಿಸಲಿ.